ಎರಡೂ ಕಡೆಯ ಜನರ ಮಾತು ಪೂರ್ತಿಯಾಗಿ ಕೇಳಿಸಲಿ

ಮಾನ್ಯ ಸಂಪಾದಕರೇ,

2023ರ ಅಕ್ಟೋಬರ್‌ನಿಂದ ಈಚೆಗೆ ಇಸ್ರೇಲ್–ಪ್ಯಾಲೆಸ್ಟೀನ್ ಸಂಘರ್ಷದ ಬಗ್ಗೆ ನಿಮ್ಮ ಓದುಗರ ಅಂಕಣದಲ್ಲಿ ಬಂದ ಪತ್ರಗಳನ್ನು ನಾನು ತಪ್ಪದೆ ಓದುತ್ತಾ ಬಂದಿದ್ದೇನೆ. ಬರೆದವರ ನಿಲುವು ಏನೇ ಇರಲಿ, ಆ ಪತ್ರಗಳಲ್ಲಿ ಹೆಚ್ಚಿನವು ಒಂದು ಮಾತನ್ನು ಪರೀಕ್ಷಿಸದೆಯೇ ಒಪ್ಪಿಕೊಂಡು ಮುಂದೆ ಸಾಗುತ್ತವೆ: ಇಸ್ರೇಲಿಗರೆಲ್ಲರ ಮನಸ್ಸು ಒಂದು, ಪ್ಯಾಲೆಸ್ಟೀನಿಯರೆಲ್ಲರ ಮನಸ್ಸು ಮತ್ತೊಂದು. ಒಂದು ಪತ್ರ ನೆತನ್ಯಾಹು ಅವರ ಮಾತನ್ನೇ ಇಡೀ ಇಸ್ರೇಲಿನ ಮಾತೆಂದು ತಿಳಿದರೆ, ಇನ್ನೊಂದು ಹಮಾಸ್‌ನ ಹೇಳಿಕೆಯನ್ನೇ ಗಾಜಾದ ಪ್ರತಿಯೊಬ್ಬರ ಹೇಳಿಕೆಯೆಂದು ಬಗೆಯುತ್ತದೆ. ಇದು ಸುಳ್ಳು ಮಾತ್ರವಲ್ಲ, ಅಪಾಯಕಾರಿ ಕೂಡ ಎಂದು ನಾನು ನಂಬಿದ್ದೇನೆ. ಒಂದು ಜನಾಂಗಕ್ಕೆ ಒಂದೇ ಮನಸ್ಸು ಎಂದು ಒಪ್ಪಿಕೊಂಡ ಮೇಲೆ, ಅದರಲ್ಲಿ ಯಾರು ಸತ್ತರೂ ತಪ್ಪಿತಸ್ಥರೇ ಸತ್ತರು ಎನ್ನುವುದು ಸುಲಭವಾಗಿಬಿಡುತ್ತದೆ. ಅಲ್ಲಿನ ಜನಾಭಿಪ್ರಾಯ ನಿಜವಾಗಿ ಹೇಗೆ ಒಡೆದುಕೊಂಡಿದೆ, ಯಾವ ಘಟನೆಗಳು ಅದನ್ನು ಎತ್ತ ತಳ್ಳಿದವು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ತಿಳಿಸಿ, ಕೊನೆಯಲ್ಲಿ ಪತ್ರಿಕೆಯನ್ನು ಕೆಲವು ವಿಷಯ ಕೇಳಿಕೊಳ್ಳುವುದು ಈ ಪತ್ರದ ಉದ್ದೇಶ.

ಅಭಿಪ್ರಾಯಭೇದದ ಮೊದಲ ಬೇರು ಇರುವುದು ವರ್ಷಗಳ ಎಣಿಕೆಯಲ್ಲಿ. ಕಥೆಯನ್ನು ಯಾವ ವರ್ಷದಿಂದ ಹೇಳತೊಡಗುತ್ತೇವೆ ಎಂಬುದರಲ್ಲೇ ತಪ್ಪು ಯಾರದು ಎಂಬ ತೀರ್ಮಾನ ಅರ್ಧ ಅಡಗಿರುತ್ತದೆ. ಪ್ಯಾಲೆಸ್ಟೀನಿಯರಲ್ಲಿ ಅನೇಕರು 1917ರ ನವೆಂಬರ್ 2ರಿಂದ ಆರಂಭಿಸುತ್ತಾರೆ. ಬ್ರಿಟನ್ನಿನ ವಿದೇಶಾಂಗ ಸಚಿವ ಬಾಲ್ಫರ್ ಅಂದು ಬರೆದ ಪತ್ರ ಯಹೂದಿಗಳಿಗೆ ಪ್ಯಾಲೆಸ್ಟೀನಿನಲ್ಲೊಂದು ರಾಷ್ಟ್ರೀಯ ನೆಲೆಯನ್ನು ಒದಗಿಸಲು ನೆರವಾಗುವುದಾಗಿ ಹೇಳಿತು. ಆಗ ಆ ನೆಲದ ಜನಸಂಖ್ಯೆಯಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಅರಬರೇ ಆಗಿದ್ದರು. ಆ ಬಹುಸಂಖ್ಯಾತರನ್ನು ಪತ್ರ ಹೆಸರಿಸಲಿಲ್ಲ, ‘ಯಹೂದಿಯೇತರ ಸಮುದಾಯಗಳು’ ಎಂದಷ್ಟೇ ಕರೆಯಿತು. ಅದಕ್ಕೂ ಮೊದಲೇ, 1915–16ರಲ್ಲಿ, ಅದೇ ಬ್ರಿಟನ್ ಮೆಕ್ಕಾದ ಷರೀಫ್ ಹುಸೇನರಿಗೆ ಅರಬ್ ಸ್ವಾತಂತ್ರ್ಯದ ಭರವಸೆಯನ್ನೂ ಕೊಟ್ಟಿತ್ತು. (1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಒಟ್ಟೋಮನ್ ಸೇನೆಯಿಂದ ಬಿಡಿಸಿಕೊಂಡ ಕಾಳಗದಲ್ಲಿ ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಅಶ್ವದಳಗಳು ಹೋರಾಡಿದ್ದವು. ಆ ನೆಲದ ಭವಿಷ್ಯ ಬ್ರಿಟಿಷರ ಕೈ ಸೇರುವುದರಲ್ಲಿ ನಮ್ಮ ಸೈನಿಕರ ಪಾಲೂ ಇತ್ತು ಎಂಬುದನ್ನು ಈ ಚರ್ಚೆಯಲ್ಲಿ ನೆನೆಯುವವರು ಕಡಿಮೆ.) ಯಹೂದಿಗಳಲ್ಲಿ ಅನೇಕರು ಎಣಿಕೆ ಆರಂಭಿಸುವುದು ಬೇರೆ ವರ್ಷಗಳಿಂದ. 1929ರಲ್ಲಿ ಹೆಬ್ರಾನ್‌ನಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಯಹೂದಿ ಸಮುದಾಯದ 67 ಮಂದಿಯನ್ನು ಕೊಲ್ಲಲಾಯಿತು. 1939ರಲ್ಲಿ, ಯುರೋಪಿನಲ್ಲಿ ನಾಜಿಗಳ ಕೈಗೆ ಸಿಕ್ಕಿದ್ದವರಿಗೆ ಓಡಿಹೋಗಲು ಬೇರೆ ಬಾಗಿಲುಗಳೂ ಮುಚ್ಚುತ್ತಿದ್ದ ಹೊತ್ತಿನಲ್ಲೇ, ಬ್ರಿಟನ್ ಐದು ವರ್ಷಗಳಿಗೆ 75 ಸಾವಿರ ಯಹೂದಿ ವಲಸಿಗರು ಸಾಕೆಂದು ಮಿತಿ ಹೇರಿತು. ಅದರ ಬೆನ್ನಿಗೇ ಅರವತ್ತು ಲಕ್ಷ ಯಹೂದಿಗಳ ನರಮೇಧ ನಡೆಯಿತು. ತಮ್ಮದೇ ಆದ ದೇಶ, ತಮ್ಮದೇ ಆದ ಸೇನೆ ಇರದಿದ್ದರೆ ಏನಾಗುತ್ತದೆ ಎಂಬ ಭಯ ಇಸ್ರೇಲಿನ ಮನೆಮನೆಯಲ್ಲೂ ಇರುವುದು ಈ ಅನುಭವದಿಂದ. ಯಾವ ಸರ್ಕಾರವೂ ಅದನ್ನು ಜನರ ತಲೆಗೆ ತುಂಬಬೇಕಾಗಿರಲಿಲ್ಲ.

1947ರ ನವೆಂಬರ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ವಿಭಜನೆಯ ಯೋಜನೆಯನ್ನು 33–13 ಮತಗಳಿಂದ ಅಂಗೀಕರಿಸಿತು. ಹತ್ತು ದೇಶಗಳು ಮತದಾನದಿಂದ ದೂರ ಉಳಿದವು. ಯಹೂದಿ ನಾಯಕತ್ವ ಯೋಜನೆಯನ್ನು ಒಪ್ಪಿತು, ಅರಬ್ ನಾಯಕತ್ವ ತಿರಸ್ಕರಿಸಿತು. ‘ನಾವು ಹಂಚಿಕೊಳ್ಳಲು ಸಿದ್ಧರಿದ್ದೆವು, ಅವರು ಯುದ್ಧ ಸಾರಿದರು’ ಎಂದು ಇಸ್ರೇಲಿಗ ಹೇಳುವಾಗ ಅವನ ಮನಸ್ಸಿನಲ್ಲಿರುವುದು ಆ ದಿನ. ಜನಸಂಖ್ಯೆಯಲ್ಲಿ ಮೂರನೇ ಒಂದರಷ್ಟಿದ್ದ ಯಹೂದಿಗಳಿಗೆ ಅರ್ಧಕ್ಕಿಂತ ಹೆಚ್ಚು ನೆಲವನ್ನು ಕೊಡುವ ಯೋಜನೆಯನ್ನು ಯಾವ ಜನ ಒಪ್ಪುತ್ತಿದ್ದರು ಎಂದು ಪ್ಯಾಲೆಸ್ಟೀನಿಯ ಕೇಳುವುದೂ ಅದೇ ದಿನದ ಬಗ್ಗೆ. ಎರಡೂ ಮಾತಿನಲ್ಲಿ ಸತ್ಯವಿದೆ. ಅದರ ಬೆನ್ನಿಗೆ ಬಂದ ಯುದ್ಧದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಮನೆಮಾರು ಬಿಟ್ಟು ಓಡಬೇಕಾಯಿತು, ಇಲ್ಲವೇ ಓಡಿಸಲ್ಪಟ್ಟರು. ಅವರ ನೂರಾರು ಹಳ್ಳಿಗಳು ನಕ್ಷೆಯಿಂದ ಅಳಿಸಿಹೋದವು. ಅವರು ‘ನಕ್ಬಾ’ ಎಂದು ಕರೆಯುವ ಆ ದುರಂತ ಅವರ ಪಾಲಿಗೆ ಮುಗಿದುಹೋದ ಚರಿತ್ರೆಯಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಲ್ಲಿ ಇಂದಿಗೂ ಸುಮಾರು 59 ಲಕ್ಷ ಮಂದಿ ನೋಂದಾಯಿತರಾಗಿದ್ದಾರೆ, ಗಾಜಾದ ಜನರಲ್ಲಿ ಬಹುಪಾಲು ಅದೇ ನಿರಾಶ್ರಿತರ ಮಕ್ಕಳು ಮೊಮ್ಮಕ್ಕಳು. ಇನ್ನೊಂದು ಕಡೆ, ಇರಾಕ್, ಯೆಮನ್, ಈಜಿಪ್ಟ್, ಮೊರಾಕೊಗಳಂಥ ದೇಶಗಳಿಂದ ಮುಂದಿನ ವರ್ಷಗಳಲ್ಲಿ ಲಕ್ಷಾಂತರ ಯಹೂದಿಗಳು ಹೊರಬಿದ್ದರು. 1950–51ರಲ್ಲಿ ಇರಾಕ್ ಒಂದರಿಂದಲೇ ಸುಮಾರು 1.2 ಲಕ್ಷ ಮಂದಿ ಆಸ್ತಿಪಾಸ್ತಿ ಕಳೆದುಕೊಂಡು ಇಸ್ರೇಲ್ ಸೇರಿದರು. ಇಸ್ರೇಲಿನ ಯಹೂದಿಗಳೆಂದರೆ ಯುರೋಪಿನಿಂದ ಬಂದ ಬಿಳಿಯರು ಎಂದು ಬರೆಯುವ ಪತ್ರಲೇಖಕರು ಈ ಸಂಗತಿಯನ್ನು ಗಮನಿಸಬೇಕು. ಬಾಗ್ದಾದಿನಿಂದ ಹೊರಬಿದ್ದ ಕುಟುಂಬದ ಮೊಮ್ಮಗನಿಗೆ ‘ನಿನ್ನ ದೇಶಕ್ಕೆ ಹಿಂತಿರುಗು’ ಎಂದರೆ ಅವನು ಹೋಗಬೇಕಾದ್ದು ಎಲ್ಲಿಗೆ?

1967ರ ಜೂನ್‌ನಲ್ಲಿ ಆರು ದಿನಗಳ ಯುದ್ಧ ಮುಗಿದಾಗ ವೆಸ್ಟ್ ಬ್ಯಾಂಕ್ (ಜೋರ್ಡಾನ್ ನದಿಯ ಪಶ್ಚಿಮದ ಪ್ರದೇಶ), ಪೂರ್ವ ಜೆರುಸಲೇಂ ಮತ್ತು ಗಾಜಾ ಇಸ್ರೇಲಿನ ಸೇನೆಯ ಕೈಯಲ್ಲಿದ್ದವು. ಅಲ್ಲಿಂದ ಮುಂದೆ ಎರಡು ಅಭಿಪ್ರಾಯಗಳ ಜಗಳ ಇಸ್ರೇಲಿನ ಒಳಗೇ ಶುರುವಾಯಿತು. ಆ ನೆಲವನ್ನು ಕೊಟ್ಟು ಶಾಂತಿಯನ್ನು ಪಡೆಯಬೇಕು ಎಂಬುದು ಒಂದು; ಅದು ತಮ್ಮ ಪೂರ್ವಿಕರ ನೆಲ, ಅಲ್ಲಿ ವಸಾಹತು ಕಟ್ಟಿ ನೆಲೆಯೂರಬೇಕು ಎಂಬುದು ಇನ್ನೊಂದು. 1978ರಲ್ಲಿ 348 ಮಂದಿ ಮೀಸಲು ಪಡೆಯ ಸೇನಾಧಿಕಾರಿಗಳು ಪ್ರಧಾನಿ ಬೆಗಿನ್ ಅವರಿಗೆ ಪತ್ರ ಬರೆದು, ನೆಲಕ್ಕಿಂತ ಶಾಂತಿ ಮೇಲು ಎಂದು ಕೇಳಿಕೊಂಡಿದ್ದರಿಂದ ‘ಪೀಸ್ ನೌ’ ಎಂಬ ಚಳವಳಿಯೇ ಹುಟ್ಟಿತು. 1982ರಲ್ಲಿ ಬೈರೂತ್‌ನ ಸಬ್ರಾ ಮತ್ತು ಶತಿಲಾ ನಿರಾಶ್ರಿತರ ಶಿಬಿರಗಳಲ್ಲಿ ಲೆಬನಾನಿನ ಸಶಸ್ತ್ರ ಗುಂಪೊಂದು ಹತ್ಯಾಕಾಂಡ ನಡೆಸಿದಾಗ, ಶಿಬಿರಗಳನ್ನು ಸುತ್ತುವರಿದಿದ್ದ ತಮ್ಮ ಸೇನೆಯ ಹೊಣೆಯನ್ನು ತನಿಖೆ ಮಾಡಿ ಎಂದು ಟೆಲ್ ಅವೀವ್‌ನಲ್ಲಿ ಸುಮಾರು ನಾಲ್ಕು ಲಕ್ಷ ಮಂದಿ ಸೇರಿದ್ದರೆಂದು ಅಂದಿನ ವರದಿಗಳು ಹೇಳಿದವು. ಆಗ ಆ ದೇಶದ ಜನಸಂಖ್ಯೆಯೇ ಸುಮಾರು ನಲವತ್ತು ಲಕ್ಷ. ಆ ಒತ್ತಾಯದಿಂದಲೇ ನೇಮಕವಾದ ಕಹಾನ್ ಆಯೋಗದ ವರದಿಯ ಬಳಿಕ ಏರಿಯಲ್ ಶರೋನ್ ರಕ್ಷಣಾ ಸಚಿವ ಸ್ಥಾನವನ್ನು ಬಿಡಬೇಕಾಯಿತು.

1993ರ ಸೆಪ್ಟೆಂಬರ್ 13ರಂದು ಇಸ್ರೇಲಿನ ಪ್ರಧಾನಿ ರಾಬಿನ್ ಮತ್ತು ಪ್ಯಾಲೆಸ್ಟೀನಿಯರ ನಾಯಕ ಅರಾಫತ್ ಓಸ್ಲೊ ಶಾಂತಿ ಒಪ್ಪಂದಕ್ಕಾಗಿ ವಾಷಿಂಗ್ಟನ್‌ನಲ್ಲಿ ಕೈಕುಲುಕಿದಾಗ ಎರಡೂ ಕಡೆಯ ಬಹಳಷ್ಟು ಜನ ಇನ್ನೇನು ಮುಗಿಯಿತು ಎಂದುಕೊಂಡರು. ಆ ಆಸೆಯನ್ನು ಎರಡೂ ಕಡೆಯ ಉಗ್ರರು ಪಾಳಿಯ ಮೇಲೆ ಎಂಬಂತೆ ಕೆಡವಿದರು. 1994ರ ಫೆಬ್ರುವರಿಯಲ್ಲಿ ಹೆಬ್ರಾನ್‌ನ ಇಬ್ರಾಹಿಮಿ ಮಸೀದಿಯಲ್ಲಿ ಪ್ರಾರ್ಥನೆಗೆ ಬಾಗಿದ್ದ 29 ಮಂದಿಯನ್ನು ಒಬ್ಬ ಯಹೂದಿ ವಸಾಹತುಗಾರ ಗುಂಡಿಟ್ಟು ಕೊಂದ. ಏಪ್ರಿಲ್‌ನಲ್ಲಿ ಹಮಾಸ್ ಇಸ್ರೇಲಿನ ಬಸ್ಸುಗಳ ಮೇಲೆ ಆತ್ಮಾಹುತಿ ದಾಳಿ ನಡೆಸಿತು. 1995ರ ನವೆಂಬರ್ 4ರಂದು, ಶಾಂತಿಗಾಗಿಯೇ ಸೇರಿದ್ದ ಸಭೆಯಿಂದ ಹೊರಡುತ್ತಿದ್ದ ರಾಬಿನ್ ಅವರನ್ನು ಇಸ್ರೇಲಿನವನೇ ಆದ ಯಹೂದಿ ಯುವಕ ಕೊಂದ. ಮುಂದಿನ ಫೆಬ್ರುವರಿ–ಮಾರ್ಚ್‌ನಲ್ಲಿ ಜೆರುಸಲೇಂ ಮತ್ತು ಟೆಲ್ ಅವೀವ್‌ಗಳಲ್ಲಿ ಮತ್ತೆ ಬಾಂಬುಗಳು ಸಿಡಿದವು. ಮೇ ತಿಂಗಳ ಚುನಾವಣೆಯಲ್ಲಿ ನೆತನ್ಯಾಹು 30 ಸಾವಿರಕ್ಕೂ ಕಡಿಮೆ ಮತಗಳ ಅಂತರದಿಂದ, ರಾಬಿನ್ ನಂತರ ಪ್ರಧಾನಿಯಾಗಿದ್ದ ಪೆರೆಸ್ ಅವರನ್ನು ಸೋಲಿಸಿದರು. ಒಂದು ದೇಶದ ಮನಸ್ಸು ಎಷ್ಟು ಸಣ್ಣ ಅಂತರದಲ್ಲಿ ವಾಲುತ್ತದೆ, ಆ ವಾಲುವಿಕೆಯ ಫಲವನ್ನು ಎರಡು ತಲೆಮಾರುಗಳು ಹೇಗೆ ಉಣ್ಣುತ್ತವೆ ಎಂಬುದಕ್ಕೆ ಇದಕ್ಕಿಂತ ನೋವಿನ ನಿದರ್ಶನ ನನಗೆ ಕಾಣುವುದಿಲ್ಲ. ಓಸ್ಲೊ ಒಪ್ಪಂದದ ಕಾಲಕ್ಕೆ ವೆಸ್ಟ್ ಬ್ಯಾಂಕಿನಲ್ಲಿ (ಪೂರ್ವ ಜೆರುಸಲೇಂ ಬಿಟ್ಟು) ಸುಮಾರು 1.1 ಲಕ್ಷ ಇದ್ದ ಯಹೂದಿ ವಸಾಹತುಗಾರರು ಇಂದು ಐದು ಲಕ್ಷಕ್ಕೂ ಹೆಚ್ಚು. ಒಪ್ಪಂದವು ತಾತ್ಕಾಲಿಕವೆಂದು ಎ, ಬಿ, ಸಿ ಎಂಬ ಮೂರು ವಲಯಗಳಾಗಿ ಹಂಚಿದ ಆ ಪ್ರದೇಶ ಇಂದಿಗೂ ಹಾಗೆಯೇ ಉಳಿದಿದೆ, ಅದರ ಸುಮಾರು ಶೇ 60ರಷ್ಟು ನೆಲ ಪೂರ್ಣವಾಗಿ ಇಸ್ರೇಲಿನ ಹಿಡಿತದಲ್ಲಿದೆ. ತನ್ನ ಊರಿನಿಂದ ಪಕ್ಕದ ಊರಿಗೆ ಹೋಗಲು ತಪಾಸಣಾ ಠಾಣೆಯ ಸರದಿಯಲ್ಲಿ ನಿಂತು, ಎದುರಿನ ಗುಡ್ಡದ ಮೇಲೆ ಹೊಸ ಮನೆಗಳ ಸಾಲು ಏಳುವುದನ್ನು ನೋಡುವ ಪ್ಯಾಲೆಸ್ಟೀನಿ ಯುವಕನಿಗೆ ‘ಮಾತುಕತೆಯಲ್ಲಿ ನಂಬಿಕೆಯಿಡು’ ಎಂದು ಹೇಳುವವರ ಮಾತು ಏಕೆ ರುಚಿಸುವುದಿಲ್ಲ ಎಂಬುದು ಇಲ್ಲಿಂದ ಅರ್ಥವಾಗುತ್ತದೆ.

ಇಸ್ರೇಲಿಗರ ನಂಬಿಕೆಯೂ ಕಾರಣವಿಲ್ಲದೆ ಕುಸಿಯಲಿಲ್ಲ. 2000ದಿಂದ 2005ರವರೆಗಿನ ಎರಡನೇ ಇಂತಿಫಾದಾದಲ್ಲಿ (ಪ್ಯಾಲೆಸ್ಟೀನಿಯರ ದಂಗೆ) ಸುಮಾರು ಸಾವಿರ ಇಸ್ರೇಲಿಗರು, ಮೂರು ಸಾವಿರಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಸತ್ತರು. ಬಸ್ಸು, ಹೋಟೆಲು, ಮಾರುಕಟ್ಟೆ ಯಾವುದೂ ಸುರಕ್ಷಿತವಲ್ಲ ಎಂಬ ಆ ವರ್ಷಗಳ ಅನುಭವ ಅಲ್ಲಿನ ಶಾಂತಿವಾದಿ ಪಕ್ಷಗಳನ್ನು ಹೆಚ್ಚುಕಡಿಮೆ ನೆಲಕಚ್ಚಿಸಿತು. 2005ರಲ್ಲಿ ಇಸ್ರೇಲ್ ಗಾಜಾದ ಒಳಗಿದ್ದ 21 ವಸಾಹತುಗಳನ್ನು ತೆರವುಗೊಳಿಸಿತು. ಮುಂದೆ ಹಮಾಸ್ 2006ರ ಚುನಾವಣೆಯಲ್ಲಿ ಗೆದ್ದು, 2007ರಲ್ಲಿ ಬಲಪ್ರಯೋಗದಿಂದ ಗಾಜಾವನ್ನು ವಶಪಡಿಸಿಕೊಂಡಿತು. ರಾಕೆಟ್‌ಗಳು ಬೀಳುತ್ತಲೇ ಇದ್ದವು. ಗಡಿಯ ಸ್ಡೆರೋಟ್ ಪಟ್ಟಣದಲ್ಲಿ ಸೈರನ್ ಕೂಗಿದರೆ ಆಶ್ರಯದ ಕೋಣೆ ಸೇರಲು ಇರುವ ಸಮಯ ಸುಮಾರು 15 ಸೆಕೆಂಡು. ಅಲ್ಲಿ ಬಸ್ ನಿಲ್ದಾಣಗಳನ್ನೇ ಕಾಂಕ್ರೀಟಿನ ಆಶ್ರಯತಾಣಗಳಾಗಿ ಕಟ್ಟಲಾಗಿದೆ. ‘ನೆಲ ಬಿಟ್ಟುಕೊಟ್ಟೆವು, ರಾಕೆಟ್ ಬಂತು’ ಎಂಬುದು ಅಲ್ಲಿನ ಸಾಮಾನ್ಯನ ಲೆಕ್ಕಾಚಾರ. ವಸಾಹತು ತೆರವಾದ ಮೇಲೂ ಗಾಜಾದ ಆಕಾಶ, ಕಡಲು, ಗಡಿಗಳ ಹೆಚ್ಚಿನ ಭಾಗ ಇಸ್ರೇಲಿನ ಹಿಡಿತದಲ್ಲೇ ಉಳಿದಿತ್ತು, 2007ರಿಂದ ದಿಗ್ಬಂಧನವೂ ಬಂತು ಎಂಬುದು ಆ ಲೆಕ್ಕಾಚಾರದಲ್ಲಿ ಬಿಟ್ಟುಹೋಗುವ ಅಂಶ.

2023ರ ಅಕ್ಟೋಬರ್ 7ರಂದು ಹಮಾಸ್ ಮತ್ತು ಅದರ ಜೊತೆಗಾರ ಗುಂಪುಗಳು ಸುಮಾರು 1,200 ಮಂದಿಯನ್ನು ಕೊಂದು, 251 ಮಂದಿಯನ್ನು ಒತ್ತೆಯಾಳುಗಳಾಗಿ ಎಳೆದೊಯ್ದವು. ಗಡಿಯ ಸಮೀಪದ ಸಂಗೀತೋತ್ಸವದಿಂದ ಓಡಿಬಂದ ಯುವಕ ಯುವತಿಯರು ರಸ್ತೆಬದಿಯ ಅದೇ ಕಾಂಕ್ರೀಟ್ ಆಶ್ರಯಗಳಲ್ಲಿ ಒತ್ತೊತ್ತಾಗಿ ಅಡಗಿದಾಗ ಒಳಕ್ಕೆ ಗ್ರೆನೇಡ್ ಎಸೆಯಲಾಯಿತು. ಯಾವ ಸ್ವಾತಂತ್ರ್ಯ ಹೋರಾಟದ ಹೆಸರಿನಲ್ಲೂ ಇದನ್ನು ಸಮರ್ಥಿಸಲಾಗದು. ಅಂದು ಬೇರಿ ಎಂಬ ಕಿಬ್ಬುಟ್ಜ್‌ನಲ್ಲಿ (ಸಾಮುದಾಯಿಕ ಹಳ್ಳಿ) ಕೊಲೆಯಾದವರಲ್ಲಿ ವಿವಿಯನ್ ಸಿಲ್ವರ್ ಒಬ್ಬರು. ಗಾಜಾದ ರೋಗಿಗಳನ್ನು ಇಸ್ರೇಲಿನ ಆಸ್ಪತ್ರೆಗಳಿಗೆ ತಮ್ಮ ಕಾರಿನಲ್ಲಿ ಕರೆದೊಯ್ಯುತ್ತಿದ್ದ, ‘ವಿಮೆನ್ ವೇಜ್ ಪೀಸ್’ ಎಂಬ ಮಹಿಳೆಯರ ಶಾಂತಿ ಸಂಘಟನೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಆಕೆಗೆ 74 ವರ್ಷ. ದಾಳಿಗೆ ಮೂರೇ ದಿನ ಮೊದಲು ಆ ಸಂಘಟನೆ ಪ್ಯಾಲೆಸ್ಟೀನಿ ಮಹಿಳೆಯರ ಸಂಘಟನೆಯೊಂದರ ಜೊತೆ ಸೇರಿ ಜೆರುಸಲೇಂ ಮತ್ತು ಮೃತ ಸಮುದ್ರದ ದಡದಲ್ಲಿ ಸಮಾವೇಶ ನಡೆಸಿತ್ತು. ‘ಇಸ್ರೇಲಿಗರು’ ಎಂಬ ಒಂದೇ ಪದದಲ್ಲಿ ಆಕೆಯೂ ಇದ್ದಾರೆ, ವಸಾಹತು ಕಟ್ಟುವ ಸಚಿವರೂ ಇದ್ದಾರೆ.

ಆ ದಿನದ ನಂತರ ಇಸ್ರೇಲಿನ ಜನಾಭಿಪ್ರಾಯ ಗಟ್ಟಿಯಾಯಿತು ಎಂಬುದು ನಿಜ, ಆದರೆ ಒಂದಾಗಲಿಲ್ಲ. 2024ರ ಆಗಸ್ಟ್ ಕೊನೆಯಲ್ಲಿ ರಫಾದ ಸುರಂಗದಲ್ಲಿ ಆರು ಒತ್ತೆಯಾಳುಗಳ ಶವಗಳು ಸಿಕ್ಕಾಗ, ಸರ್ಕಾರ ಒಪ್ಪಂದ ಮಾಡಿಕೊಂಡಿದ್ದರೆ ಅವರು ಬದುಕುತ್ತಿದ್ದರೆಂದು ಲಕ್ಷಾಂತರ ಜನ ಬೀದಿಗಿಳಿದರು. ಸೆಪ್ಟೆಂಬರ್ 2ರಂದು ದೇಶದ ಪ್ರಧಾನ ಕಾರ್ಮಿಕ ಒಕ್ಕೂಟ ಮುಷ್ಕರ ಹೂಡಿತು. ಯುದ್ಧ ನಿಲ್ಲಿಸಿಯಾದರೂ ಒತ್ತೆಯಾಳುಗಳನ್ನು ತನ್ನಿ ಎನ್ನುವವರೇ 2025ರುದ್ದಕ್ಕೂ ಸಮೀಕ್ಷೆಗಳಲ್ಲಿ ಬಹುಸಂಖ್ಯಾತರಾಗಿದ್ದರು. ಹಾಗೆಂದು ಅದನ್ನು ಗಾಜಾದ ಜನರ ಮೇಲಿನ ಮರುಕವೆಂದು ತಿಳಿಯುವಂತಿಲ್ಲ. ಇಸ್ರೇಲ್ ಡೆಮಾಕ್ರಸಿ ಇನ್‌ಸ್ಟಿಟ್ಯೂಟ್ 2025ರ ಬೇಸಿಗೆಯಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಗಾಜಾದ ಹಸಿವು ಮತ್ತು ಸಂಕಟದ ವರದಿಗಳು ತಮ್ಮನ್ನು ಅಷ್ಟಾಗಿ ಅಥವಾ ಸ್ವಲ್ಪವೂ ಕಾಡುವುದಿಲ್ಲ ಎಂದವರು ಯಹೂದಿ ಇಸ್ರೇಲಿಗರಲ್ಲಿ ಶೇ 79. ಅದೇ ದೇಶದ ಅರಬ್ ಪ್ರಜೆಗಳಲ್ಲಿ ಶೇ 86ರಷ್ಟು ಜನ ಕಾಡುತ್ತದೆ ಎಂದರು. ಈ ಅಂಕಿಯನ್ನು ಓದಿ ನಾನು ಬಹಳ ಹೊತ್ತು ಮರುಗಿದ್ದೇನೆ. ಹೀಗಿದ್ದೂ, 2025ರ ಮಾರ್ಚ್‌ನಲ್ಲಿ ಕದನವಿರಾಮ ಮುರಿದ ಮೇಲೆ ಟೆಲ್ ಅವೀವ್‌ನ ಬೀದಿಗಳಲ್ಲಿ ಇಸ್ರೇಲಿಗರ ಒಂದು ಗುಂಪು ಗಾಜಾದಲ್ಲಿ ಸತ್ತ ಮಕ್ಕಳ ಭಾವಚಿತ್ರಗಳನ್ನು, ಕೈಯಲ್ಲೊಂದು ಮೇಣದಬತ್ತಿಯನ್ನು ಹಿಡಿದು, ಘೋಷಣೆ ಕೂಗದೆ, ದಾರಿಹೋಕರ ಬೈಗುಳಕ್ಕೆ ಉತ್ತರ ಕೊಡದೆ ವಾರವಾರವೂ ನಿಲ್ಲತೊಡಗಿತು. ಸಂಖ್ಯೆಯಲ್ಲಿ ಅವರು ಅಲ್ಪರು. ಆದರೆ ಇಡೀ ದೇಶವೇ ಕಲ್ಲಾಗಿದೆ ಎಂದು ಬರೆಯುವವರು ಅವರನ್ನು ಕಾಣದಂತೆ ದಾಟಿಹೋಗಬಾರದು.

ಪ್ಯಾಲೆಸ್ಟೀನಿಯರ ಅಭಿಪ್ರಾಯವನ್ನು ತಿಳಿಯುವುದು ಇನ್ನೂ ಕಷ್ಟ, ಏಕೆಂದರೆ ಅದನ್ನು ಹೇಳಲು ಅವರಿಗೆ ಮತಪೆಟ್ಟಿಗೆಯೇ ಇಲ್ಲ. 2019ರಿಂದ 2022ರ ನಡುವೆ ಇಸ್ರೇಲಿನಲ್ಲಿ ಐದು ಸಂಸತ್ ಚುನಾವಣೆಗಳು ನಡೆದವು. ಪ್ಯಾಲೆಸ್ಟೀನಿಯರ ಕೊನೆಯ ಶಾಸನಸಭಾ ಚುನಾವಣೆ ನಡೆದದ್ದು 2006ರ ಜನವರಿಯಲ್ಲಿ. ರಮಲ್ಲಾದಲ್ಲಿರುವ ಪ್ಯಾಲೆಸ್ಟೀನ್ ಪ್ರಾಧಿಕಾರದ ಅಧ್ಯಕ್ಷ ಮಹಮೂದ್ ಅಬ್ಬಾಸ್ 2005ರಲ್ಲಿ ನಾಲ್ಕು ವರ್ಷದ ಅವಧಿಗೆ ಆಯ್ಕೆಯಾದವರು. 2021ರಲ್ಲಿ ನಿಗದಿಯಾಗಿದ್ದ ಚುನಾವಣೆಯನ್ನು ಅವರು, ಪೂರ್ವ ಜೆರುಸಲೇಂನಲ್ಲಿ ಮತದಾನಕ್ಕೆ ಇಸ್ರೇಲ್ ಒಪ್ಪಿಗೆ ಕೊಟ್ಟಿಲ್ಲವೆಂಬ ಕಾರಣ ನೀಡಿ, ಮುಂದೂಡಿದರು. ಇಂದು ಗಾಜಾದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಕ್ಕಳು. ಅವರ ತಂದೆತಾಯಿಯರಲ್ಲಿ ಅನೇಕರಿಗೂ 2006ರಲ್ಲಿ ಮತದಾನದ ವಯಸ್ಸು ಆಗಿರಲಿಲ್ಲ. ‘ಗಾಜಾದವರೇ ಹಮಾಸ್ ಅನ್ನು ಆರಿಸಿದರು, ಈಗ ಅನುಭವಿಸಲಿ’ ಎಂದು ನಿಮ್ಮ ಅಂಕಣದಲ್ಲಿ ಬರೆದವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಒಂದು ಪಕ್ಷಕ್ಕೆ ಮತ ಹಾಕಿದ್ದಕ್ಕೆ ಸಾವೇ ಶಿಕ್ಷೆ ಎಂಬ ನಿಯಮವನ್ನು ನಾವು ಬೇರೆ ಯಾವ ದೇಶದ ಮತದಾರರಿಗೂ ಅನ್ವಯಿಸುವುದಿಲ್ಲ.

ಇರುವ ಆಧಾರ ಸಮೀಕ್ಷೆಗಳದ್ದು. ರಮಲ್ಲಾದಲ್ಲಿ ಖಲೀಲ್ ಶಿಕಾಕಿ ಅವರು ನಡೆಸುವ ಸಂಶೋಧನಾ ಕೇಂದ್ರ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಈ ಕೆಲಸ ಮಾಡುತ್ತಿದೆ. 2023ರ ನವೆಂಬರ್–ಡಿಸೆಂಬರ್‌ನಲ್ಲಿ ಅದು ಕೇಳಿದಾಗ ಅಕ್ಟೋಬರ್ 7ರ ದಾಳಿಯ ನಿರ್ಧಾರ ಸರಿಯೆಂದವರು ಶೇ 72. ಈ ಅಂಕಿ ಜಗತ್ತಿನಾದ್ಯಂತ ಪತ್ರಿಕೆಗಳ ಶೀರ್ಷಿಕೆಯಾಯಿತು. ಶೀರ್ಷಿಕೆಯಾಗದ ಅಂಕಿಗಳೂ ಅದೇ ವರದಿಯಲ್ಲಿದ್ದವು. ವೆಸ್ಟ್ ಬ್ಯಾಂಕಿನಲ್ಲಿ ಶೇ 82 ಮಂದಿ ಹಾಗೆ ಹೇಳಿದ್ದರೆ, ಬಾಂಬಿನ ಅಡಿಯಲ್ಲಿದ್ದ ಗಾಜಾದಲ್ಲಿ ಹಾಗೆ ಹೇಳಿದವರು ಶೇ 57. ದಾಳಿಯಲ್ಲಿ ನಾಗರಿಕರ ಮೇಲೆ ನಡೆದ ಕ್ರೌರ್ಯದ ವಿಡಿಯೊಗಳನ್ನು ತಾವು ನೋಡಿಲ್ಲ ಎಂದವರು ಶೇ 85. ನೋಡಿದವರಲ್ಲಿ ಕ್ರೌರ್ಯ ನಡೆದದ್ದು ನಿಜವೆಂದು ಒಪ್ಪಿದವರ ಪ್ರಮಾಣ ನೋಡದವರಿಗಿಂತ ಎಷ್ಟೋ ಪಟ್ಟು ಹೆಚ್ಚು. 2024ರ ಸೆಪ್ಟೆಂಬರ್ ಹೊತ್ತಿಗೆ ಗಾಜಾದ ಅಂಕಿ ಶೇ 39ಕ್ಕೆ ಇಳಿದಿತ್ತು. 2025ರ ಮಾರ್ಚ್ ಕೊನೆಯಲ್ಲಿ ಉತ್ತರ ಗಾಜಾದ ಬೈತ್ ಲಾಹಿಯಾದಲ್ಲಿ ನೂರಾರು ಜನ, ಒಡೆದು ಬಿದ್ದ ಕಟ್ಟಡಗಳ ನಡುವೆ, ‘ಹಮಾಸ್ ತೊಲಗಲಿ’, ‘ನಾವು ಬದುಕಬೇಕು’ ಎಂದು ಕೂಗುತ್ತಾ ಮೆರವಣಿಗೆ ಹೊರಟರು. 2019ರಲ್ಲೂ ತೆರಿಗೆ ಮತ್ತು ಬೆಲೆಯೇರಿಕೆಯ ವಿರುದ್ಧ ಅಲ್ಲಿನ ಯುವಕರು ಹೀಗೆಯೇ ಬೀದಿಗಿಳಿದಿದ್ದರು, ಹಮಾಸ್‌ನ ಪೊಲೀಸರು ಅವರನ್ನು ಹೊಡೆದು ಚದುರಿಸಿದ್ದರು. ಮೇಲಿನಿಂದ ಬಾಂಬು, ಪಕ್ಕದಲ್ಲಿ ಬಂದೂಕು ಹಿಡಿದ ತಮ್ಮದೇ ಆಳುವವರು. ಇಂಥ ಸ್ಥಿತಿಯಲ್ಲಿ ಬಾಯಿ ಬಿಟ್ಟು ಮಾತಾಡಿದ ಆ ಜನರ ಧೈರ್ಯಕ್ಕೆ ನಮ್ಮ ಪತ್ರಿಕೆಗಳಲ್ಲಿ ಸಿಕ್ಕ ಜಾಗ ತೀರಾ ಕಡಿಮೆ.

ಈ ಅಂಕಿಗಳೆಲ್ಲ ನನಗೆ ಹೇಳುವುದು ಇಷ್ಟು: ಅಭಿಪ್ರಾಯವೆಂಬುದು ಬಹುಮಟ್ಟಿಗೆ ಕಣ್ಣಿಗೆ ಬಿದ್ದುದರ ಫಲ. ಇಸ್ರೇಲಿನ ಪ್ರಮುಖ ಹೀಬ್ರೂ ವಾಹಿನಿಗಳಲ್ಲಿ ಗಾಜಾದ ಸಾಮಾನ್ಯರ ಸಾವುನೋವಿನ ದೃಶ್ಯಗಳು ವಿರಳ. ಅದನ್ನು ಬಿಡದೆ ವರದಿ ಮಾಡುವ ‘ಹಾರೆಟ್ಜ್’ ಪತ್ರಿಕೆಗೆ ಸರ್ಕಾರಿ ಜಾಹೀರಾತು ಕೊಡಬಾರದೆಂದು ಅಲ್ಲಿನ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ನಿರ್ಣಯಿಸಿತು. ಯುದ್ಧ ಆರಂಭವಾದಾಗಿನಿಂದ ವಿದೇಶಿ ಪತ್ರಕರ್ತರು ಸ್ವತಂತ್ರವಾಗಿ ಗಾಜಾ ಪ್ರವೇಶಿಸಲು ಇಸ್ರೇಲ್ ಬಿಡಲಿಲ್ಲ. ಒಳಗಿದ್ದ ಪ್ಯಾಲೆಸ್ಟೀನಿ ಪತ್ರಕರ್ತರಲ್ಲಿ ನೂರಕ್ಕೂ ಹೆಚ್ಚು ಮಂದಿ ಹತರಾದರು. ಹಮಾಸ್‌ನ ಆಡಳಿತದಲ್ಲಿ ಅದರ ವಿರುದ್ಧ ಬರೆಯುವುದೂ ಸುಲಭವಿರಲಿಲ್ಲ. ತಮ್ಮವರ ಶವಗಳನ್ನಷ್ಟೇ ನೋಡುವ ಎರಡು ಜನತೆ ತಮ್ಮ ಮೂಗಿನ ನೇರಕ್ಕೆ ಯೋಚಿಸುತ್ತಿದ್ದರೆ ಅದಕ್ಕೆ ಅವರ ಸ್ವಭಾವವನ್ನು ಹಳಿದು ಫಲವಿಲ್ಲ. ರಮಲ್ಲಾದ ಕೇಂದ್ರ ಇಸ್ರೇಲಿನ ಸಂಸ್ಥೆಗಳೊಡನೆ ಕೂಡಿ ನಡೆಸಿದ ಸಮೀಕ್ಷೆಗಳ ಪ್ರಕಾರ, 2016ರ ಜೂನ್‌ನಲ್ಲಿ ಎರಡು ರಾಷ್ಟ್ರಗಳ ಪರಿಹಾರಕ್ಕೆ (ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ಅಕ್ಕಪಕ್ಕದ ಎರಡು ದೇಶಗಳಾಗಿ ಬಾಳುವುದು) ಎರಡೂ ಕಡೆ ಅರ್ಧಕ್ಕಿಂತ ತುಸು ಹೆಚ್ಚಿನ ಬೆಂಬಲವಿತ್ತು. 2022ರ ಕೊನೆಗೆ ಅದು ಪ್ಯಾಲೆಸ್ಟೀನಿಯರಲ್ಲಿ ಶೇ 33, ಯಹೂದಿ ಇಸ್ರೇಲಿಗರಲ್ಲಿ ಶೇ 34ಕ್ಕೆ ಬಂದು ನಿಂತಿತು. ಅಂದರೆ ಅಕ್ಟೋಬರ್ 7ಕ್ಕೂ ಮೊದಲೇ ಇಬ್ಬರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಆಸೆ ಕಳೆದುಕೊಂಡಿದ್ದರು.

ಹೊರಗಿನ ಜಗತ್ತಿನ ಅಭಿಪ್ರಾಯವೂ ನಿಂತಲ್ಲಿ ನಿಂತಿಲ್ಲ. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ 2025ರ ಫೆಬ್ರುವರಿಯಲ್ಲಿ ಕೇಳಿದಾಗ ಇಸ್ರೇಲಿಗರ ಕಡೆ ಸಹಾನುಭೂತಿ ಹೆಚ್ಚೆಂದವರು ಶೇ 46, ಪ್ಯಾಲೆಸ್ಟೀನಿಯರ ಕಡೆ ಎಂದವರು ಶೇ 33. ಇಸ್ರೇಲಿನ ಪಾಲಿಗೆ ಅದು ಆ ಹೊತ್ತಿಗೆ 25 ವರ್ಷಗಳಲ್ಲೇ ಕನಿಷ್ಠವಾಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಪೋರ್ಚುಗಲ್ ಮತ್ತು ಫ್ರಾನ್ಸ್ ದೇಶಗಳು ಪ್ಯಾಲೆಸ್ಟೀನನ್ನು ರಾಷ್ಟ್ರವೆಂದು ಮಾನ್ಯ ಮಾಡಿದವು. ಭಾರತದ ನಿಲುವನ್ನು ಒಂದೇ ಬಣ್ಣದಲ್ಲಿ ಚಿತ್ರಿಸುವವರಿಗೂ ದಾಖಲೆಗಳು ಅಡ್ಡ ಬರುತ್ತವೆ: 1947ರಲ್ಲಿ ವಿಭಜನೆಯ ವಿರುದ್ಧ ಮತ, 1950ರಲ್ಲಿ ಇಸ್ರೇಲಿಗೆ ಮಾನ್ಯತೆ, 1988ರಲ್ಲಿ ಪ್ಯಾಲೆಸ್ಟೀನಿಗೆ ಮಾನ್ಯತೆ, 1992ರಲ್ಲಿ ಇಸ್ರೇಲಿನೊಡನೆ ಪೂರ್ಣ ರಾಜತಾಂತ್ರಿಕ ಸಂಬಂಧ, 2025ರ ಸೆಪ್ಟೆಂಬರ್ 12ರಂದು ಎರಡು ರಾಷ್ಟ್ರಗಳ ಪರಿಹಾರದ ಘೋಷಣೆಯ ಪರ ಮತ. ಪ್ಯಾಲೆಸ್ಟೀನಿನ ಪರ ಮಾತಾಡುವುದು ದೇಶದ್ರೋಹವೆಂದೋ, ಇಸ್ರೇಲಿನ ಭದ್ರತೆಯ ಬಗ್ಗೆ ಮಾತಾಡುವುದು ಕೋಮುವಾದವೆಂದೋ ಬರೆಯುವವರಿಗೆ ಈ ದಾಖಲೆಯಲ್ಲಿ ಆಸರೆ ಸಿಗುವುದಿಲ್ಲ.

ಇಷ್ಟೆಲ್ಲ ಹೇಳಿ ನನ್ನ ನಿಲುವನ್ನು ಮರೆಮಾಚಿದರೆ ಅದು ಪ್ರಾಮಾಣಿಕತೆಯಾಗದು. ಅಭಿಪ್ರಾಯಗಳು ಹಲವು ಎಂದ ಮಾತ್ರಕ್ಕೆ ಎಲ್ಲವೂ ಸರಿ ಎಂದಾಗುವುದಿಲ್ಲ. ನಾಗರಿಕರನ್ನು ಕೊಲ್ಲುವುದು, ಒತ್ತೆಯಿಡುವುದು ಅಪರಾಧ. ಜನರಿಗೆ ಅನ್ನ ನೀರು ತಡೆಯುವುದೂ ಅಪರಾಧ. ಗಾಜಾ ಆರೋಗ್ಯ ಸಚಿವಾಲಯದ ಲೆಕ್ಕದಂತೆ 2025ರ ಅಕ್ಟೋಬರ್ ಹೊತ್ತಿಗೆ ಅಲ್ಲಿ ಸತ್ತವರು 67 ಸಾವಿರಕ್ಕೂ ಹೆಚ್ಚು; ಆ ಲೆಕ್ಕ ಹೋರಾಟಗಾರರನ್ನೂ ನಾಗರಿಕರನ್ನೂ ಬೇರ್ಪಡಿಸುವುದಿಲ್ಲ, ಆದರೆ ಅದರಲ್ಲಿ ಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿದ್ದಾರೆ. 2025ರ ಆಗಸ್ಟ್ 22ರಂದು ವಿಶ್ವಸಂಸ್ಥೆಯ ಬೆಂಬಲವುಳ್ಳ ಆಹಾರ ಭದ್ರತಾ ತಜ್ಞರು ಗಾಜಾ ನಗರ ಪ್ರದೇಶದಲ್ಲಿ ಕ್ಷಾಮವಿದೆಯೆಂದು ದೃಢಪಡಿಸಿದರು. ಇಸ್ರೇಲ್ ಸರ್ಕಾರ ಅದನ್ನು ತಳ್ಳಿಹಾಕಿತು. ಅಂತರರಾಷ್ಟ್ರೀಯ ನ್ಯಾಯಾಲಯ 2024ರ ಜುಲೈ 19ರ ಸಲಹಾ ಅಭಿಪ್ರಾಯದಲ್ಲಿ ಪ್ಯಾಲೆಸ್ಟೀನ್ ಪ್ರದೇಶಗಳಲ್ಲಿ ಇಸ್ರೇಲಿನ ಉಪಸ್ಥಿತಿ ಕಾನೂನುಬಾಹಿರವೆಂದಿತು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅದೇ ವರ್ಷದ ನವೆಂಬರ್ 21ರಂದು ನೆತನ್ಯಾಹು, ಮಾಜಿ ರಕ್ಷಣಾ ಸಚಿವ ಗ್ಯಾಲಂಟ್ ಮತ್ತು ಹಮಾಸ್‌ನ ಸೇನಾ ಮುಖಂಡ ದೈಫ್, ಮೂವರ ಮೇಲೂ ಬಂಧನದ ವಾರಂಟ್ ಹೊರಡಿಸಿತು. ಅಲ್ಲಿ ಆರೋಪ ಹೊತ್ತವರು ಹೆಸರುಳ್ಳ ವ್ಯಕ್ತಿಗಳು, ಯಾವ ಜನಾಂಗವೂ ಅಲ್ಲ. ಸಾರ್ವಜನಿಕ ಚರ್ಚೆ ಈ ಗೆರೆಯನ್ನು ದಾಟಿದಾಗ ಏನಾಗುತ್ತದೆ ಎಂಬುದನ್ನು ಯುದ್ಧಭೂಮಿಯಿಂದ ಸಾವಿರಾರು ಮೈಲಿ ದೂರದಲ್ಲೂ ಕಂಡಿದ್ದೇವೆ. 2023ರ ಅಕ್ಟೋಬರ್‌ನಲ್ಲಿ ಶಿಕಾಗೊ ಬಳಿ ಪ್ಯಾಲೆಸ್ಟೀನ್ ಮೂಲದ ಆರು ವರ್ಷದ ಬಾಲಕನನ್ನು ಮನೆಯ ಮಾಲೀಕನೇ ಇರಿದು ಕೊಂದ. 2025ರ ಮೇನಲ್ಲಿ ವಾಷಿಂಗ್ಟನ್‌ನ ಯಹೂದಿ ವಸ್ತುಸಂಗ್ರಹಾಲಯದ ಹೊರಗೆ ಇಸ್ರೇಲ್ ರಾಯಭಾರ ಕಚೇರಿಯ ಇಬ್ಬರು ಸಿಬ್ಬಂದಿಯನ್ನು ಗುಂಡಿಟ್ಟು ಕೊಲ್ಲಲಾಯಿತು.

ಅತಿ ಹೆಚ್ಚು ಕಳೆದುಕೊಂಡವರೇ ಈ ಗೆರೆಯನ್ನು ಎಲ್ಲರಿಗಿಂತ ಎಚ್ಚರದಿಂದ ಕಾಯುತ್ತಿರುವುದೂ ಉಂಟು. 1995ರಲ್ಲಿ ಹುಟ್ಟಿದ ‘ಪೇರೆಂಟ್ಸ್ ಸರ್ಕಲ್’ ಎಂಬ ವೇದಿಕೆಯಲ್ಲಿ ಈ ಸಂಘರ್ಷದಲ್ಲಿ ಆಪ್ತರನ್ನು ಕಳೆದುಕೊಂಡ ಆರುನೂರಕ್ಕೂ ಹೆಚ್ಚು ಇಸ್ರೇಲಿ ಮತ್ತು ಪ್ಯಾಲೆಸ್ಟೀನಿ ಕುಟುಂಬಗಳಿವೆ. ಅದರ ಸದಸ್ಯರಾದ ರಾಮಿ ಎಲ್ಹಾನನ್ ಅವರ ಹದಿಮೂರು ವರ್ಷದ ಮಗಳು 1997ರ ಸೆಪ್ಟೆಂಬರ್‌ನಲ್ಲಿ ಜೆರುಸಲೇಂನ ಬೆನ್ ಯೆಹೂದಾ ಬೀದಿಯಲ್ಲಿ ಆತ್ಮಾಹುತಿ ದಾಳಿಗೆ ಬಲಿಯಾದಳು. ಬಸ್ಸಾಮ್ ಅರಾಮಿನ್ ಅವರ ಹತ್ತು ವರ್ಷದ ಮಗಳಿಗೆ 2007ರ ಜನವರಿಯಲ್ಲಿ ಶಾಲೆಯ ಹೊರಗೆ ಇಸ್ರೇಲಿ ಗಡಿ ಪೊಲೀಸರ ರಬ್ಬರ್ ಗುಂಡು ತಗುಲಿತು. ಹದಿಹರೆಯದಲ್ಲೇ ಬಂಧಿತರಾಗಿ ಏಳು ವರ್ಷ ಇಸ್ರೇಲಿನ ಜೈಲಿನಲ್ಲಿದ್ದ ಬಸ್ಸಾಮ್ ಮತ್ತು ಇಸ್ರೇಲಿನ ಸೈನಿಕರಾಗಿದ್ದ ರಾಮಿ, ಇಬ್ಬರೂ ಜೊತೆಯಾಗಿ ಶಾಲೆಗಳಿಗೆ, ಸಭೆಗಳಿಗೆ ಹೋಗಿ ಮಾತಾಡುತ್ತಾರೆ. ಅವರ ರಾಜಕೀಯ ಅಭಿಪ್ರಾಯಗಳು ಎಲ್ಲದರಲ್ಲೂ ಕೂಡಿಬರಬೇಕೆಂದಿಲ್ಲ. ಸೇಡು ಬೇಡ, ವಶಪಡಿಸಿಕೊಂಡ ನೆಲದ ಮೇಲಿನ ಇಸ್ರೇಲಿನ ಆಡಳಿತ ಕೊನೆಯಾಗಬೇಕು ಎಂಬಲ್ಲಿ ಒಂದಾಗಿದ್ದಾರೆ. ಅವರ ದೇಶಗಳಲ್ಲಿ ಅವರನ್ನು ದ್ರೋಹಿಗಳೆನ್ನುವವರು ಇದ್ದಾರೆ, ಆದರೂ ಅವರು ಬಿಟ್ಟಿಲ್ಲ.

ಈಗ ಪತ್ರಿಕೆಯನ್ನು ಕೇಳಿಕೊಳ್ಳಬೇಕಾದ ಮಾತು. ಈ ಸಂಘರ್ಷದ ಸುದ್ದಿಗಳಲ್ಲಿ ‘ಇಸ್ರೇಲ್ ಹೇಳಿದೆ’, ‘ಪ್ಯಾಲೆಸ್ಟೀನಿಯರು ಹೇಳುತ್ತಾರೆ’ ಎಂದು ಅಚ್ಚಾಗುವ ಕಡೆಗಳಲ್ಲೆಲ್ಲ, ಹೇಳಿದ್ದು ಸರ್ಕಾರವೋ, ಸೇನೆಯೋ, ವಿರೋಧ ಪಕ್ಷವೋ, ಹಮಾಸ್ ಸಂಘಟನೆಯೋ, ರಮಲ್ಲಾದ ಪ್ರಾಧಿಕಾರವೋ ಎಂಬುದನ್ನು ದಯವಿಟ್ಟು ತಿಳಿಸಿ. ಸಾವಿನ ಅಂಕಿ ಕೊಡುವಾಗ ಅದನ್ನು ಎಣಿಸಿದವರು ಯಾರೆಂದು ಬರೆಯಿರಿ. ವಿದೇಶಿ ಸುದ್ದಿಸಂಸ್ಥೆಗಳ ವರದಿಗಳ ಜೊತೆಗೆ, ಅಲ್ಲಿಯ ಇಸ್ರೇಲಿ ಮತ್ತು ಪ್ಯಾಲೆಸ್ಟೀನಿ ಬರಹಗಾರರು ತಮ್ಮದೇ ನಾಯಕರನ್ನು ಪ್ರಶ್ನಿಸಿ ಬರೆದ ಲೇಖನಗಳ ಕನ್ನಡ ಅನುವಾದವನ್ನು ತಿಂಗಳಿಗೊಮ್ಮೆಯಾದರೂ ಪ್ರಕಟಿಸಿದರೆ ಓದುಗರಿಗೆ ದೊಡ್ಡ ಉಪಕಾರವಾದೀತು. ವೆಸ್ಟ್ ಬ್ಯಾಂಕಿನ ಮೂರು ವಲಯಗಳ ನಕ್ಷೆಯನ್ನು ಒಮ್ಮೆ ಪೂರ್ತಿ ಪುಟದಲ್ಲಿ ಅಚ್ಚು ಮಾಡಿದರೆ ಅನೇಕ ವಾದಗಳು ತಾವಾಗಿಯೇ ತಿಳಿಯಾಗುತ್ತವೆ. ಓದುಗರ ಅಂಕಣಕ್ಕೆ ಬರುವ ಪತ್ರಗಳಲ್ಲಿ ಎಷ್ಟೇ ಕಟುವಾದ ಟೀಕೆಯಿರಲಿ ಪ್ರಕಟಿಸಿ. ಆದರೆ ಒಂದು ಇಡೀ ಜನತೆಯ ಸಾವನ್ನು ಬಯಸುವ ಅಥವಾ ಸಂಭ್ರಮಿಸುವ ಸಾಲುಗಳನ್ನು, ಅವು ಯಾವ ಕಡೆಯವೇ ಆಗಿರಲಿ, ಕತ್ತರಿಸುವ ಅಧಿಕಾರ ನಿಮಗಿದೆ, ಅದನ್ನು ಬಳಸಿ. ಮತ್ತು ಮುಂದಿನ ಬಾರಿ ಅಲ್ಲಿಂದ ಜನಾಭಿಪ್ರಾಯ ಸಮೀಕ್ಷೆಯೊಂದು ಬಂದಾಗ, ಒಟ್ಟು ಅಂಕಿಯೊಂದನ್ನೇ ಶೀರ್ಷಿಕೆಗೆ ಏರಿಸದೆ, ಗಾಜಾ ಮತ್ತು ವೆಸ್ಟ್ ಬ್ಯಾಂಕ್, ಯಹೂದಿ ಇಸ್ರೇಲಿಗರು ಮತ್ತು ಅರಬ್ ಇಸ್ರೇಲಿಗರು ಏನೆಂದರು ಎಂಬುದನ್ನು ಬೇರೆ ಬೇರೆಯಾಗಿ, ಸಮೀಕ್ಷೆ ನಡೆದ ದಿನಾಂಕದೊಂದಿಗೆ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ